ಎಲ್ಲೂರಿನಲ್ಲಿ ಕಪ್ಪೆ ಮೇಡಂ

ಅವರ ಕೈಗೆ ಯಾವಾಗಲೂ ಲ್ಯಾಬಿನ ಫಾರ್ಮಲಿನ್ ವಾಸನೆ. ಲಿಂಬೆಹುಳಿ ತಿಕ್ಕಿದರೂ, ಸಾಬೂನಿನಲ್ಲಿ ಮೊಣಕೈವರೆಗೆ ತೊಳೆದರೂ ಅದು ಹೋಗುತ್ತಿರಲಿಲ್ಲ. ಉದ್ದನೆಯ ಬೆರಳುಗಳು, ಬುಡದವರೆಗೆ ಕತ್ತರಿಸಿದ ಉಗುರುಗಳು, ಎಡಗೈಯಲ್ಲಿ ಒಂದು ಗಂಡಸರ ವಾಚು. ಮದುವೆ ಊಟದಲ್ಲಿ ಅವರ ಪಕ್ಕದ ಕುರ್ಚಿ ಎಲ್ಲಕ್ಕಿಂತ ಕೊನೆಗೆ ತುಂಬುತ್ತಿತ್ತು. ಅದು ಅವರಿಗೂ ಗೊತ್ತಿತ್ತು. "ಒಳ್ಳೆಯದೇ ಆಯ್ತು, ಕೈ ಆಡಿಸಲಿಕ್ಕೆ ಜಾಗ ಉಂಟು" ಎಂದು ಆರಾಮವಾಗಿ ಉಣ್ಣುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಉಡುಪಿಯ ಒಂದು ಕಾಲೇಜಿಗೆ ಕನ್ನಡ ಅಧ್ಯಾಪಕನಾಗಿ ಸೇರಿದಾಗ ಅವರು ಅಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥೆ. ಮದುವೆಯಾಗಿರಲಿಲ್ಲ. ಕಲ್ಯಾಣಪುರದಲ್ಲಿ ತಮ್ಮನ ಸಂಸಾರದ ಜೊತೆ ಇದ್ದು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ಕೊಂಕಣಿ, ಮೀನು ಮಾರ್ಕೆಟಿನಲ್ಲಿ ಚುರುಕಾದ ತುಳು, ತರಗತಿಯಲ್ಲಿ ಇಂಗ್ಲಿಷು. ಯಾವ ಭಾಷೆಯಾದರೂ ಸ್ವರ ಒಂದೇ ಎತ್ತರದ್ದು. ಅವರು ಜಿರಳೆಯ ಬಾಯಿಯ ಭಾಗಗಳನ್ನು ವಿವರಿಸುವಾಗ ರಸ್ತೆಯಾಚೆಯ ಹೋಟೆಲಿನಲ್ಲಿ ಗಿರಾಕಿಗಳು ದೋಸೆ ಬಿಟ್ಟು ಎದ್ದದ್ದುಂಟು ಎಂದು ಹೋಟೆಲಿನವರೇ ಪ್ರಿನ್ಸಿಪಾಲರಿಗೆ ದೂರು ಕೊಟ್ಟಿದ್ದರು.

ಕಾಲೇಜಿನ ಲ್ಯಾಬಿಗೆ ಕಪ್ಪೆ ತಂದುಕೊಡುತ್ತಿದ್ದವನು ಅವರದೇ ಹಳೆಯ ವಿದ್ಯಾರ್ಥಿ. ಪಿಯುಸಿಯಲ್ಲಿ ಮತ್ತೆ ಮತ್ತೆ ಫೇಲಾಗಿ ಎಲ್ಲೂರು ಎಂಬ ಹಳ್ಳಿಯ ಮನೆಯಲ್ಲಿ ಸುಮ್ಮನೆ ಕೂತಿದ್ದವನಿಗೆ ಈ ಕೆಲಸ ಹಚ್ಚಿದವರು ಮೇಡಂ. ಕಪ್ಪೆಯನ್ನು ಸೊಂಟದ ಹತ್ತಿರ ಹೇಗೆ ಹಿಡಿಯಬೇಕು, ಗೋಣಿಯನ್ನು ಎಷ್ಟು ಒದ್ದೆ ಇಡಬೇಕು ಎಲ್ಲ ಕಲಿಸಿಕೊಟ್ಟಿದ್ದರು. ಒಂದು ಮಳೆಗಾಲ ಅವನು ಬರಿಗೈಯಲ್ಲಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ.

"ಈ ವರ್ಷ ಕಾಲೇಜಿಗೆ ಕೊಡ್ಲಿಕ್ಕೆ ಆಗುವುದಿಲ್ಲ ಮೇಡಂ. ಕಪ್ಪೆಯ ಕಾಲು ತಿನ್ನಲಿಕ್ಕೆ ಫಾರಿನ್ನಿಗೆ ಹೋಗ್ತದೆ. ಕಂಪೆನಿಯ ವ್ಯಾನು ಮನೆಗೇ ಬರ್ತದೆ."

"ಎಷ್ಟು ಹಿಡೀತಿ?"

"ಎಷ್ಟು ಕೊಟ್ಟರೂ ಅವರಿಗೆ ಸಾಲುವುದಿಲ್ಲ. ಊರಿನ ನಾಲ್ಕು ಜನರಿಗೆ ನಾನೇ ಟ್ರೈನಿಂಗ್ ಕೊಟ್ಟಿದ್ದೇನೆ. ನೀವು ಕಲಿಸಿದ ಹಾಗೆಯೇ, ಸ್ವಲ್ಪವೂ ತಪ್ಪದೆ."

ಕೊನೆಯ ಮಾತನ್ನು ಅವನು ಗುರುದಕ್ಷಿಣೆ ಒಪ್ಪಿಸುವವನ ಹಾಗೆ ಹೇಳಿದ. ಅವನು ಹೋದ ಮೇಲೆ ಮೇಡಂ ಬುತ್ತಿಯ ಮುಚ್ಚಳ ಹಾಕಿದರು. ಅವರು ಊಟ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಗದ್ದೆಯ ಹುಳ ತಿನ್ನುವುದು ಯಾರು ಇನ್ನು? ನಾನೇ ಕಲಿಸಿದ್ದಲ್ವಾ ಮಾರಾಯರೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮೇಜಿನ ಹತ್ತಿರ ಬಂದರು. "ಜನರಿಗೆ ಹೇಳಬೇಕು. ನಿಮ್ಮ ಕನ್ನಡ ಬೇಕು ನನಗೆ. ನನ್ನದು ಬಸ್ಸಿನ ಕಂಡಕ್ಟರಿಗೆ ಮಾತ್ರ ಸಾಕಾಗ್ತದೆ."

ನಾನು ಆಗಷ್ಟೇ ಎಂ.ಎ. ಮುಗಿಸಿ ಬಂದವನು. ಕಪ್ಪೆ ಎಂಬ ಶಬ್ದ ಸಭೆಗೆ ತಕ್ಕದ್ದಲ್ಲವೆಂದು 'ಮಂಡೂಕ' ಎಂದು ಬರೆದೆ. 'ಜೀವಸಮತೋಲನ', 'ನಿಸರ್ಗದ ಅವಿಚ್ಛಿನ್ನ ಸರಪಣಿ', 'ಕೃತಘ್ನ ಮಾನವ' ಎಲ್ಲ ಇದ್ದವು. ಎಲ್ಲೂರಿನ ಶಾಲೆಯಲ್ಲಿ ಯುವಕ ಮಂಡಲದವರು ಸಭೆ ಏರ್ಪಡಿಸಿದರು. ಮೇಡಂ ನನ್ನ ಭಾಷಣವನ್ನು ಒಂದಕ್ಷರ ಬಿಡದೆ ಆ ಸ್ವರದಲ್ಲಿ ಓದಿದರು. ಎದುರಿನ ಸಾಲಿನ ಇಬ್ಬರು ಹಿರಿಯರು ನಿದ್ದೆ ಮಾಡಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಕೊನೆಗೆ "ಪ್ರಶ್ನೆ ಕೇಳಬಹುದು" ಎಂದಾಗ ಹಿಂದಿನ ಬೆಂಚಿನಿಂದ ಒಬ್ಬರು ಎದ್ದರು.

"ಈ ಮಂಡೂಕ ಅಂದರೆ ನಮ್ಮ ಕಪ್ಪೆಯೇ ಅಲ್ವಾ?"

"ಹೌದು."

"ಅದಕ್ಕೆ ಕಂಪೆನಿಯವರು ಎಂತ ಕೊಡ್ತಾರೆ?"

ಮೇಡಂ ಸುಳ್ಳು ಹೇಳುವವರಲ್ಲ. ರೇಟು ಹೇಳಿಬಿಟ್ಟರು. ಸಭೆ ಮೊದಲ ಬಾರಿಗೆ ಗಮನವಿಟ್ಟು ಕೇಳಿತು.

ಮುಂದಿನ ವಾರ ಹಳೆಯ ವಿದ್ಯಾರ್ಥಿ ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಕಾಲೇಜಿಗೆ ಬಂದ. "ನಿಮ್ಮ ಭಾಷಣದ ನಂತರ ತುಂಬ ಜನ ಸೇರಿದ್ದಾರೆ ಮೇಡಂ. ಗೋಣಿಯೇ ಸಾಕಾಗುವುದಿಲ್ಲ." ಅವನ ಕೃತಜ್ಞತೆ ನಿಜವಾದದ್ದು. ಮೇಡಂ ಬಾಳೆಹಣ್ಣನ್ನು ಮುಟ್ಟಲಿಲ್ಲ. ಉಳಿದ ನಾವು ತಿಂದೆವು.

ಆಮೇಲೆ ಉಡುಪಿ ಪೇಟೆಯಲ್ಲಿ ಮೆರವಣಿಗೆ. ವಿದ್ಯಾರ್ಥಿಗಳು ರಟ್ಟಿನ ಮೇಲೆ ದೊಡ್ಡ ಹಸಿರು ಕಪ್ಪೆ ಬರೆದು 'ಕಪ್ಪೆಯನ್ನು ಉಳಿಸಿ' ಎಂದು ಹಿಡಿದಿದ್ದರು. ಮೇಡಂ ಮುಂದೆ ನಡೆಯುತ್ತ ಘೋಷಣೆ ಕೂಗುತ್ತಿದ್ದರು. ಆಗ ಚುನಾವಣೆ ಹತ್ತಿರವಿತ್ತು. ಒಂದು ಬಟ್ಟೆಯಂಗಡಿಯ ಯಜಮಾನರು ಮೆಟ್ಟಿಲಿಳಿದು ಬಂದು ನನ್ನನ್ನು ಮೆಲ್ಲಗೆ ಕೇಳಿದರು, "ಇದು ಯಾವ ಪಕ್ಷದ ಚಿಹ್ನೆ ಮಾಸ್ಟ್ರೆ?" ಯಾವ ಪಕ್ಷದ್ದೂ ಅಲ್ಲ ಎಂದೆ. "ಹಾಗಾದರೆ ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದವರದ್ದಾ?" ಎಂದು ಕೇಳಿ ಅವರು ಒಳಗೆ ಹೋದರು. ಬಸ್ ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಮಳೆ ಹೊಡೆದು ಕಪ್ಪೆಗಳೆಲ್ಲ ಬಣ್ಣ ಬಿಟ್ಟವು. ಮೇಡಂ ಅವರ ಸ್ವರವೂ ಹೋಯಿತು. ಬರೀ ಗಾಳಿ ಬರುತ್ತಿತ್ತು.

ಎಲ್ಲೂರಿಗೆ ಇನ್ನೊಮ್ಮೆ ಬರುತ್ತೇವೆಂದು ಮೊದಲೇ ಒಪ್ಪಿಕೊಂಡಾಗಿತ್ತು. "ನೀವು ಓದಿ, ನಾನು ಪಕ್ಕದಲ್ಲಿ ನಿಲ್ತೇನೆ" ಎಂದು ಪಿಸುಗುಟ್ಟಿ ನನ್ನನ್ನು ಹೊರಡಿಸಿದರು. ಆಗಸ್ಟ್ ಮುಗಿಯುತ್ತಿದ್ದ ಸೋಣ ತಿಂಗಳು. ಬಿಸಿಲು ಮಳೆ ಎರಡೂ ಇತ್ತು. ಶಾಲೆಗೆ ಬೀಗ. ಪೈರಿಗೆ ಹುಳ ಬಿದ್ದಿದೆ, ಊರವರೆಲ್ಲ ಮದ್ದು ಹೊಡೆಯಲು ಗದ್ದೆಗೆ ಹೋಗಿದ್ದಾರೆ ಎಂದು ತಿಳಿಯಿತು. ಬಾಯಾರಿಕೆಗೆಂದು ದಾರಿ ಬದಿಯ ಒಂದು ಮನೆಗೆ ಹೋದೆವು. ಗಂಡ ಗದ್ದೆಯಲ್ಲಿದ್ದ. ಹೆಂಡತಿ, ಊರಿನವರೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಗಟ್ಟಿ ಹೆಂಗಸು, ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ನೀರು ಬೆಲ್ಲ ಕೊಟ್ಟರು. ಬಂದದ್ದು ಯಾಕೆಂದು ಕೇಳಿದರು.

ಮೇಡಂ ನನ್ನ ಕಡೆ ಕೈ ತೋರಿಸಿದರು. ಒಬ್ಬರಾದರೂ ಶ್ರೋತೃವೇ ಎಂದು ನಾನು ಭಾಷಣ ತೆಗೆದು ಓದತೊಡಗಿದೆ. ಅಕ್ಕ ಅಕ್ಕಿ ಆರಿಸುತ್ತಲೇ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಗಂಭೀರವಾಯಿತು. ನನಗೆ ಹುರುಪು ಬಂತು. ಒಂದು ಪುಟ ಮುಗಿದಾಗ ಅವರು ಮೊರವನ್ನು ಕೆಳಗಿಟ್ಟು ತಗ್ಗಿದ ದನಿಯಲ್ಲಿ ಕೇಳಿದರು, "ಯಾರು ತೀರಿಕೊಂಡದ್ದು?"

ಮೇಡಂ ನಗಲು ಹೋಗಿ ಕೆಮ್ಮಿದರು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದರು. ಆಮೇಲೆ ಎದ್ದು ಅಂಗಳದ ಮೂಲೆಗೆ ಹೋದರು. ಅಲ್ಲಿ ನೆರಳಿನಲ್ಲಿ ಹಳೆಯ ವಿದ್ಯಾರ್ಥಿಯ ಗೋಣಿ ಇತ್ತು. ವ್ಯಾನು ಬರುವವರೆಗೆ ಅವನು ಅದನ್ನು ಅಕ್ಕನ ಮನೆಯಲ್ಲಿ ಇಡುತ್ತಿದ್ದ. ಮೇಡಂ ಗೋಣಿಗೆ ಕೈ ಹಾಕಿ ಸತ್ತಿದ್ದ ಒಂದು ದಪ್ಪ ಕಪ್ಪೆಯನ್ನು ತೆಗೆದರು. ಹಿತ್ತಿಲಿನಿಂದ ಒಂದು ಬಾಳೆಲೆ ಕೊಯ್ದು ತಂದು ಜಗಲಿಯಲ್ಲಿ ಹಾಸಿದರು. ತಮ್ಮ ಕೈಚೀಲದಿಂದ ಕತ್ತರಿ, ಚಿಮಟ ತೆಗೆದು, ಕಪ್ಪೆಯ ಹೊಟ್ಟೆ ಬಿಡಿಸಿ, ಒಳಗಿದ್ದದ್ದನ್ನು ಎಲೆಯ ಮೇಲೆ ಒಂದೊಂದಾಗಿ ಇಡತೊಡಗಿದರು.

ಅಕ್ಕ ಮೂಗು ಮುಚ್ಚಿಕೊಂಡು ಬಗ್ಗಿದರು. ಆಮೇಲೆ ಮೂಗಿನಿಂದ ಕೈ ತೆಗೆದರು. "ಇದು ಮಿಡತೆ. ಇದು ಏಡಿಯ ಕಾಲು. ಇದು..." ಅವರು ತಡೆದು, ಹತ್ತಿರದಿಂದ ನೋಡಿ, ಗದ್ದೆಯ ಕಡೆಗೆ ತಿರುಗಿ ಗಂಡನನ್ನು ಕರೆದರು. "ಇಲ್ಲಿ ಬನ್ನಿ. ನಮ್ಮ ಹುಳ ಇಲ್ಲಿ ಉಂಟು."

ಗಂಡ ಬಂದ. ಆಚೆಮನೆಯವರು ಬಂದರು. ಮದ್ದಿನ ಪಂಪು ಬೆನ್ನಿಗೆ ಕಟ್ಟಿಕೊಂಡೇ ಕೆಲವರು ಬಂದರು. ಮೇಡಂ ತುಟಿ ಬಿಚ್ಚಲಿಲ್ಲ, ಬಿಚ್ಚುವ ಹಾಗೂ ಇರಲಿಲ್ಲ. ಚಿಮಟದಲ್ಲಿ ಎತ್ತುವುದು, ಎಲೆಯ ಮೇಲೆ ಇಡುವುದು, ಅಷ್ಟೆ. ವಿವರಣೆಯೆಲ್ಲ ಅಕ್ಕನದು, ತುಳುವಿನಲ್ಲಿ. "ನೋಡಿ, ಪಲ್ಯ ಇಲ್ಲಿ, ಕೋಸಂಬರಿ ಇಲ್ಲಿ. ಒಂದು ದಿನದ ಊಟ ಇದು. ನಮ್ಮ ಮನೆಯ ಮದುವೆಯಲ್ಲಿ ಸಹ ಇಷ್ಟು ಬಡಿಸಿರಲಿಲ್ಲ." ಜನ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ತಮ್ಮ ಬೆನ್ನಿನ ಪಂಪು ನೋಡಿಕೊಂಡರು.

ಆ ಹೊತ್ತಿಗೆ ಸರಿಯಾಗಿ ಹಳೆಯ ವಿದ್ಯಾರ್ಥಿ ಬಂದ.

"ನಮ್ಮ ಗದ್ದೆಯಿಂದ ಎಷ್ಟು ಗೋಣಿ ತಕೊಂಡು ಹೋದೆ ಮಾರಾಯ?" ಅಕ್ಕ ಕೇಳಿದರು.

"ಎಂತಕ್ಕೆ ಅಕ್ಕ? ಅವು ಸುಮ್ಮನೆ ಕೂತುಕೊಂಡಿರುವುದಲ್ವಾ ಅಲ್ಲಿ?"

"ಸುಮ್ಮನೆ ಕೂತದ್ದಲ್ಲ. ಉಣ್ಣಲಿಕ್ಕೆ ಕೂತದ್ದು."

ಹಾಗೆಂದು ಅಕ್ಕ ಗೋಣಿಯ ಬಾಯಿ ಬಿಚ್ಚಿ ಮಗುಚಿಬಿಟ್ಟರು. ಜಗಲಿಯ ತುಂಬ ಕಪ್ಪೆಗಳು. ಒಂದು ಅಕ್ಕಿಯ ಮೊರಕ್ಕೆ ಹಾರಿತು, ಒಂದು ಪಂಪಿನ ಮೇಲೆ ಕೂತಿತು, ಒಂದು ನನ್ನ ಭಾಷಣದ ಮೇಲೆ ಕೂತು ಅದನ್ನು ಒದ್ದೆ ಮಾಡಿ ಗದ್ದೆಯ ಕಡೆ ನೆಗೆಯಿತು. ಅವನು ಅವುಗಳ ಹಿಂದೆ ಓಡಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು, "ಹಾಗಾದರೆ ನನ್ನ ಊಟಕ್ಕೆ ಎಂತ ಮೇಡಂ?" ಎಂದ.

ಮೇಡಂ ಅವನ ಪಕ್ಕದಲ್ಲಿ ಕೂತು ಕಿವಿಯ ಹತ್ತಿರ ಏನೋ ಪಿಸುಗುಟ್ಟಿದರು. ಮರುದಿನ ಅವನು ಕಲ್ಯಾಣಪುರಕ್ಕೆ ಹೋದ. ಮೇಡಂ ಅವರ ತಮ್ಮ ಕೋಳಿ ಸಾಕುತ್ತಿದ್ದರು. ಅವರು ಕೊಟ್ಟ ಮರಿಗಳಿಂದ ಶುರುಮಾಡಿ ಎರಡು ಮೂರು ವರ್ಷಗಳಲ್ಲಿ ಅವನು ಕಾಪುವಿನಲ್ಲಿ ಕೋಳಿ ಅಂಗಡಿ ಇಟ್ಟ. ಎಲ್ಲೂರಿನ ಆ ಬಯಲಿಗೆ ಗೋಣಿ ಹಿಡಿದು ಬಂದವರನ್ನು ಹೆಂಗಸರೇ ಅಟ್ಟುತ್ತಿದ್ದರು. ಬೇರೆ ಊರುಗಳಲ್ಲಿ ವ್ಯಾಪಾರ ನಡೆದೇ ಇತ್ತು. ಸರಕಾರ ರಫ್ತು ನಿಲ್ಲಿಸುವವರೆಗೂ ನಡೆಯಿತು. ಗೆದ್ದೆನೆಂದು ಮೇಡಂ ಎಂದೂ ಹೇಳಿಕೊಂಡವರಲ್ಲ.

ಕಾಲೇಜಿನಲ್ಲಿ ಮಾತ್ರ ಹುಡುಗರಿಗೆ ತಲೆಗೊಂದು ಕಪ್ಪೆ ಕೊಡುವುದನ್ನು ನಿಲ್ಲಿಸಿದರು. ಪರೀಕ್ಷೆಯ ಗತಿ ಏನೆಂದು ಪ್ರಿನ್ಸಿಪಾಲರು ಕೇಳಿದಾಗ, "ಒಂದನ್ನೇ ಎಲ್ಲರೂ ನೋಡಲಿ ಸರ್. ಹೊಟ್ಟೆ ಎಲ್ಲ ಕಪ್ಪೆಗೂ ಒಂದೇ ಕಡೆ ಇರುವುದು" ಎಂದರಂತೆ. ನನ್ನನ್ನು ಕೂಡ ಬಿಡಲಿಲ್ಲ. ಆಮೇಲೆ ನಾನು ಬರೆದ ಯಾವುದನ್ನೇ ತೋರಿಸಿದರೂ, ಮೊದಲು ಅಟೆಂಡರಿಗೆ ಓದಿ ಹೇಳಿ ಬನ್ನಿ ಎನ್ನುತ್ತಿದ್ದರು. ಕೆಲವು ದಿನ ನನಗೆ ಅವಮಾನವಾಗಿತ್ತು. ಈಗ ನಾನು ಬರೆದದ್ದನ್ನು ಒಂದಿಷ್ಟು ಜನ ಓದುತ್ತಾರೆಂದರೆ ಅದಕ್ಕೆ ಕಾರಣ ಆ ಅಟೆಂಡರ್ ಮತ್ತು ಅವರ ಹತ್ತಿರ ನನ್ನನ್ನು ಕಳಿಸಿದ ಮೇಡಂ.

ಎಂಬತ್ತರ ದಶಕ ಮುಗಿಯುವ ಮುಂಚೆ, ನಿವೃತ್ತಿಗೆ ಇನ್ನೂ ಸಮಯವಿದ್ದಾಗಲೇ, ಮಣಿಪಾಲದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರ ಮನೆಯವರ ಚರ್ಚು, ಕಲ್ಯಾಣಪುರದ ಇಗರ್ಜಿಯಲ್ಲಿ ಪ್ರಾರ್ಥನೆ. ಪತ್ರಿಕೆಯಲ್ಲಿ ನೋಡಿ ಅಕ್ಕ ಬಸ್ಸು ಬದಲಿಸಿಕೊಂಡು ಬಂದಿದ್ದರು. ಇಗರ್ಜಿಯ ಒಳಗೆ ಹಿಂದೆ ಎಂದೂ ಬಂದವರಲ್ಲ. ಜಾಗ ಕಂಡಲ್ಲಿ, ಮನೆಯವರ ಸಾಲಿನಲ್ಲೇ, ಕೂತುಬಿಟ್ಟಿದ್ದರು. ಮಣ್ಣು ಮಾಡಿ ಹೊರಬಂದಾಗ ಬೊಂಬಾಯಿಯಿಂದ ಬಂದ ಸಂಬಂಧಿಕರೊಬ್ಬರು, "ನೀವು ಅವರಿಗೆ ಏನಾಗಬೇಕು?" ಎಂದು ವಿಚಾರಿಸಿದರು.

"ನಮ್ಮ ಜಗಲಿಯಲ್ಲಿ ಬಡಿಸಿದವರು" ಎಂದರು ಅಕ್ಕ.

ಅವರಿಗೆ ಅರ್ಥವಾಗಲಿಲ್ಲ. ಅಕ್ಕ ಗಂಟೆಗೋಪುರದ ನೆರಳಿನಲ್ಲಿ ನಿಂತು ಮೊದಲಿನಿಂದ ಹೇಳತೊಡಗಿದರು. ಎಲೆ ಕೊಯ್ದದ್ದು, ಏಡಿಯ ಕಾಲು, ಗೋಣಿ ಮಗುಚಿದ್ದು. ಒಬ್ಬೊಬ್ಬರಾಗಿ ಜನ ಸೇರಿದರು. ಮೇಡಂ ಅವರ ತಮ್ಮ ಕರವಸ್ತ್ರ ಮುಖಕ್ಕೆ ಒತ್ತಿಕೊಂಡು ನಗುತ್ತಿದ್ದರು, ಅಳುತ್ತಲೂ ಇದ್ದರು. ಅತ್ತ ಹೊರಟಿದ್ದ ಪಾದ್ರಿಗಳು ಕೊಡೆ ಮಡಚಿ ನಿಂತು, "ಆಮೇಲೆ?" ಎಂದರು.

ಅಕ್ಕ ಕೆಲವು ವಿವರಗಳನ್ನು ದೊಡ್ಡದು ಮಾಡಿ ಹೇಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.