ಬಿಳಿಚುಕ್ಕಿಯ ಕಂಬಳಿ

ಕ್ಯಾತಮ್ಮ ಹುಟ್ಟಿದ್ದು ನಿಡುಗಲ್ ಬೆಟ್ಟದ ಬುಡದ ಗೊಲ್ಲರಹಟ್ಟಿಯಲ್ಲಿ, ಬಾಳಿದ್ದು ಮದಲೂರು ಕೆರೆಯ ಪಕ್ಕದ ಹಟ್ಟಿಯಲ್ಲಿ. ಉಪಕಾರ ಮಾಡಿದವರನ್ನು ಮರೆತಾಳು, ಹೊಟ್ಟೆ ಉರಿಸಿದವರನ್ನು ಮರೆಯುವವಳಲ್ಲ. ಜಗಳವಾದ ದಿನ ಗಂಡ ಮಾರಣ್ಣ ಹೆದರಿ ಕುರಿದೊಡ್ಡಿಯಲ್ಲೇ ಮಲಗುತ್ತಿದ್ದ.

ಎಂಬತ್ತರ ದಶಕದಲ್ಲಿ ಕೆರೆ ತುಂಬಿದಾಗ ಮೀನಿನ ಗುತ್ತಿಗೆ ಹಿಡಿದವನು ಶಿರಾದ ಜಯರಾಮಯ್ಯ. ಊರವರೆಲ್ಲ ತೆಪ್ಪದಲ್ಲಿ ಹೋದರೆ ಈ ಪುಣ್ಯಾತ್ಮನಿಗೆ ಹಾಯಿದೋಣಿಯೇ ಆಗಬೇಕು! ಬೆಂಗಳೂರಿನ ಯಾರೋ ಶೋಕಿಲಾಲ ಮಾರಿದ್ದು. ಗಾಳಿ ನಿಂತರೆ ನೂಕಲು ಸಣ್ಣ ಮೋಟಾರು, ದನಕುರಿ ಓಡಿಸಲು ದೊಡ್ಡ ಹಾರನ್. ಎರಡಕ್ಕೂ ಒಂದೇ ಬ್ಯಾಟರಿ.

ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯುವುದು ಹಟ್ಟಿಯವರ ರೂಢಿ. ಒಂದು ಬೆಳಿಗ್ಗೆ ಕ್ಯಾತಮ್ಮ ತೊಳೆಯುತ್ತಿದ್ದಾಗ ಜಯರಾಮಯ್ಯ ದೋಣಿ ನುಗ್ಗಿಸಿ ಹಾರನ್ ಬಾರಿಸಿದ. ಕುರಿಗಳು ಬೆದರಿದವು. ಗಬ್ಬದ ಕುರಿ ಬಿಳಿಚುಕ್ಕಿ ಮಡುವಿನ ಹೂಳಲ್ಲಿ ಸಿಕ್ಕಿ, ಕೂಗಿ ಕೂಗಿ ಸತ್ತಿತು. ಅವನು ತಿರುಗಿಯೂ ನೋಡಲಿಲ್ಲ.

"ಸತ್ತ ಕುರಿ ಉಣ್ಣೆ ಬ್ಯಾಡ ಕಣಮ್ಮಿ" ಎಂದು ಮಾರಣ್ಣ ಬೇಡಿಕೊಂಡರೂ ಕೇಳದೆ ಕ್ಯಾತಮ್ಮ ಆ ಉಣ್ಣೆಯನ್ನು ಸೇರಿಸಿ ಕಂಬಳಿ ನೇಯಿಸಿದಳು. ಅದನ್ನು ಹೊದ್ದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಬೆಂಕಿ.

ಮರುವರ್ಷ ಬ್ಯಾಟರಿ ತುಂಬಲೆಂದು, ಆ ಕಾಲಕ್ಕೆ ಯಾರೂ ಕಾಣದ ಸೋಲಾರ್ ಹಲಗೆಯೂ ಬೆಂಗಳೂರಿನಿಂದ ದೋಣಿಗೆ ಬಂತು. ದಡದಲ್ಲಿ ಕುರಿ ಮೇಯಿಸುತ್ತಿದ್ದ ಕ್ಯಾತಮ್ಮನನ್ನೇ ಜಯರಾಮಯ್ಯ ಕರೆದ. ಅವಳ ಗುರುತೇ ಅವನಿಗೆ ಹತ್ತಲಿಲ್ಲ.

"ಏನಮ್ಮಾ, ಹಗಲೊತ್ತು ಈ ಹಲಗೆ ಕಡೆ ನಿಗಾ ಇಡು. ಕೊಕ್ಕರೆ ಹೇತ್ರೆ ಒರೆಸು. ಬಿಸಿಲು ಬಿದ್ರೇನೇ ಬ್ಯಾಟ್ರಿ ತುಂಬಾದು. ನೆರಳಾದ್ರೆ ಮುಗೀತು."

"ಆಯ್ತು ಸಾಮಿ, ನಿಗಾ ಮಡಗ್ತೀನಿ."

ಮಡಗಿದಳು! ಅವನು ಶಿರಾಕ್ಕೆ ಹೊರಟೊಡನೆ ಹಲಗೆಗೆ ಕಂಬಳಿ ಹೊದಿಸುವುದು, ಸಂಜೆ ಅವನ ಸ್ಕೂಟರಿನ ಸದ್ದು ಕೇಳಿದರೆ ತೆಗೆಯುವುದು. ಕೆಲವೇ ದಿನಗಳಲ್ಲಿ ಹಾರನ್ನಿನ ಗಂಟಲು ಕಟ್ಟಿತು. ಜಯರಾಮಯ್ಯ ಬ್ಯಾಟರಿಗೆ ನೀರು ಹಾಕಿದ, ಮೆಕ್ಯಾನಿಕ್ಕನ್ನು ಬೈದ, ಕೊನೆಗೆ ಯಾರದೋ ದೃಷ್ಟಿ ತಾಗಿದೆ ಅಂದ. ಅದೇನೂ ಸುಳ್ಳಲ್ಲ.

ಆಯುಧಪೂಜೆಯ ದಿನ ಅವನೇ ಹಲಗೆಯ ತುಂಬ ವಿಭೂತಿ ಬಳಿದು, ಕುಂಕುಮ ಮೆತ್ತಿ, ಮೇಲೆ ಚೆಂಡುಹೂವಿನ ಹಾರಗಳನ್ನು ಹೊದಿಸಿದ. ಕಂಬಳಿಗೆ ಅವತ್ತು ರಜೆ. ಕ್ಯಾತಮ್ಮ ಸೆರಗು ಕಚ್ಚಿಕೊಂಡು ನಗು ನುಂಗಿದಳು.

ದೃಷ್ಟಿ ಕಳೆಯಿತೆಂಬ ಧೈರ್ಯದಲ್ಲಿ ಮಧ್ಯಾಹ್ನ ಅವನೊಬ್ಬನೇ ಹಾಯಿ ಬಿಚ್ಚಿ ಹೊರಟ. ಕೆರೆಯ ನಡುವೆ ಗಾಳಿ ನಿಂತಿತು. ಮೋಟಾರು ಮಿಸುಕಲಿಲ್ಲ, ಹಾರನ್ ಉಸಿರೆತ್ತಲಿಲ್ಲ. ಹಬ್ಬವೆಂದು ಮೀನಿನವರೂ ಬಂದಿರಲಿಲ್ಲ.

"ಏಯ್ ಅಮ್ಮಾ! ನಂಗೆ ಈಜು ಬರಾಕಿಲ್ಲ! ಯಾರಿಗಾದ್ರೂ ಹೇಳಿ ತೆಪ್ಪ ಕಳ್ಸು!"

ಕ್ಯಾತಮ್ಮ ಕುರಿಗಳನ್ನು ನೀರಿಗಿಳಿಸಿದಳು. ಒಂದೊಂದನ್ನೂ ಅವಸರವಿಲ್ಲದೆ, ಅವನ ಕಣ್ಣೆದುರೇ ಉಜ್ಜಿ ತೊಳೆದಳು. ಆಹಾ, ಎಂಥ ತಂಪು ಅವಳ ಜೀವಕ್ಕೆ! ಹೊತ್ತಿಳಿಯುವಾಗ ಸಿಟ್ಟೂ ಸ್ವಲ್ಪ ಇಳಿಯಿತು. ಮಾರಣ್ಣನನ್ನು ತೆಪ್ಪದಲ್ಲಿ ಕಳಿಸೋಣ ಎಂದುಕೊಂಡಳು. ಆದರೆ ಒಂದು ಮಾತು ಹೇಳದೆ ಹೋಗಲಾರಳು.

"ನಮ್ ಬಿಳಿಚುಕ್ಕೀನೂ ಇಂಗೇ ಕೂಗ್ತು ಕಣಯ್ಯ!"

"ಯಾವ ಬಿಳಿಚುಕ್ಕಿ?" ಎಂದು ದೋಣಿಯಿಂದ ಕೂಗು ಬಂತು.

ಸಿಟ್ಟು ನೆತ್ತಿಗೇರಿದರೆ ಅವಳ ಬಾಯಿಗೆ ತವರಿನ ತೆಲುಗು ಬರುತ್ತಿತ್ತು. "ಉಂಡ್ರಾ, ಅಕ್ಕಡೇ ಉಂಡು" ಅಂದಳು; ಇರೋ, ಅಲ್ಲೇ ಇರು ಎಂದು. ಕಂಬಳಿ ಹೆಗಲಿಗೇರಿಸಿ ಕುರಿ ಹೊಡೆದುಕೊಂಡು ಮನೆಗೆ ಹೋದಳು.

"ಕೆರೆ ಕಡೆ ಅದೇನೇ ಕೂಗು?" ಎಂದ ಮಾರಣ್ಣ.

"ಕೊಕ್ಕರೆ ಇರ್ಬೇಕು ಬುಡು" ಎಂದು ಅವನ ತಟ್ಟೆಗೆ ಮುದ್ದೆ ಹಾಕಿದಳು.