ಹೊಸಿಲು ಕಿತ್ತ ಮನೆ

ಚೆನ್ನೈನ ನಮ್ಮ ಮನೆಯನ್ನು ದುರಸ್ತಿಗೆಂದು ನೋಡಲು ಬಂದ ಮೇಸ್ತ್ರಿಗಳೆಲ್ಲ ಒಂದೇ ಗುರುಕುಲದಲ್ಲಿ ಓದಿದವರ ಹಾಗೆ ನಡೆದುಕೊಂಡರು. ಮೊದಲು ಬೆರಳ ಗೆಣ್ಣಿನಿಂದ ಗೋಡೆ ತಟ್ಟುವುದು. ಉದುರಿದ ಸುಣ್ಣವನ್ನು ಅಂಗೈಯಲ್ಲಿ ಹಿಡಿದು ವೈದ್ಯರ ಹಾಗೆ ನೋಡುವುದು. ಮೇಲಿನ ತೊಲೆಗಳ ಕಡೆ ಕತ್ತೆತ್ತಿ ಒಂದು ನಿಟ್ಟುಸಿರು. ಆಮೇಲೆ ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಇಡಿಚ್ಚಿಡಲಾಂ ಸಾರ್." ಕೆಡವಿಬಿಡೋಣ ಎಂದು. ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ಧ್ವನಿ ಅದು. ನಾನು ಅದನ್ನು ಬೇಗ ಕಲಿತೆ. ಊಟಕ್ಕೆ ಕೂತಾಗ ಅಪ್ಪ ಮಾಡಿದ ಹುಳಿಯನ್ನು ಅಂಗೈಗೆ ಹಾಕಿಕೊಂಡು ನೋಡಿ, ಅವರ ಹೆಗಲ ಮೇಲೆ ಕೈಯಿಟ್ಟು ಅದೇ ಮಾತು ಹೇಳಿದೆ. ಅಪ್ಪ ನಗಲಿಲ್ಲ. ಸುಸ್ತಾಗಿದ್ದರು.

ಮನೆಯಲ್ಲಿ ಆಗ ನಾವಿಬ್ಬರೇ. ಅಮ್ಮ ಹೋಗಿ ಬಹಳ ವರ್ಷಗಳಾದವು. ಮನೆ ನಡೆಸುತ್ತಿದ್ದದ್ದು ಅಪ್ಪನ ಅಮ್ಮ, ನನ್ನ ಅಜ್ಜಿ. ಅವಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆದಮೇಲೆ ಅವಳ ಮಗಳು, ನನ್ನ ಅತ್ತೆ, ಅವಳನ್ನು ವೇಳಚ್ಚೇರಿಯ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. ಅಲ್ಲಿ ಲಿಫ್ಟ್ ಇತ್ತು, ಬಚ್ಚಲಿನ ಗೋಡೆಗೆ ಹಿಡಿಗಳಿದ್ದವು, ಸಮನೆಲವಿತ್ತು. ಅಜ್ಜಿಗೆ ಮಾಡಲು ಕೆಲಸ ಮಾತ್ರ ಇರಲಿಲ್ಲ. "ಇಲ್ಲಿ ನನ್ನನ್ನ ಸೋಫಾ ಮೇಲೆ ಕೂಡಿಸಿ ಟಿವಿ ಹಚ್ಚಿಬಿಡ್ತಾರೆ ಕಣೋ," ಎಂದು ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. "ಹೂಕುಂಡ ಇದ್ದ ಹಾಗೆ ಇದೀನಿ. ನೀರು ಹಾಕ್ತಾರೆ, ಅಪ್ಪುರಂ ಹೋಗ್ತಾರೆ." ಅಜ್ಜಿಯ ಕನ್ನಡದಲ್ಲಿ 'ಆಮೇಲೆ'ಯ ಜಾಗದಲ್ಲಿ ತಮಿಳಿನ 'ಅಪ್ಪುರಂ' ಬಂದು ಕೂತು ಬಹಳ ಕಾಲವಾಗಿತ್ತು.

ಅತ್ತೆಯ ಷರತ್ತು ಒಂದೇ. ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ ಅಜ್ಜಿ ತನ್ನ ಕೋಣೆಯಿಂದ ಬಚ್ಚಲಿಗೆ ಯಾರೂ ಹಿಡಿಯದೆ ಹೋಗಿಬರಬೇಕು. ಹಗಲೆಲ್ಲ ಅಪ್ಪ ಬ್ಯಾಂಕಿನಲ್ಲಿ, ನಾನು ಪೆರುಂಗುಡಿಯ ಆಫೀಸಿನಲ್ಲಿ ಇರುತ್ತೇವಲ್ಲ. ಆಗದಿದ್ದರೆ ಅಜ್ಜಿ ಖಾಯಂ ವೇಳಚ್ಚೇರಿ. ಅತ್ತೆಯ ಮಾತಿನಲ್ಲಿ ತಪ್ಪು ಹುಡುಕಲು ನಾನು ಪ್ರಯತ್ನಪಟ್ಟೆ, ಸಿಗಲಿಲ್ಲ.

ಹಾಗಾಗಿ ಮೇಸ್ತ್ರಿಗಳು ಕೈಬಿಟ್ಟ ಮನೆಯನ್ನು ನಾವೇ ಕೈಗೆತ್ತಿಕೊಂಡೆವು. ನಾವು ಎಂದರೆ ನಾನು. ಅಪ್ಪ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ಆ ಮೂಲೆ ಬಿಟ್ಟೆಯಲ್ಲೋ" ಎನ್ನುವ ಇಲಾಖೆ ನೋಡಿಕೊಂಡರು. ನನ್ನ ಗುರು ಫೋನಿನಲ್ಲಿದ್ದ ಒಬ್ಬ ವಿಡಿಯೋದವನು. ಅವನ ಗೋಡೆಯಿಂದ ಹಳೆಯ ಗಾರೆ ಹಲ್ವಾದ ಹಾಗೆ ಕಳಚುತ್ತಿತ್ತು. ನನ್ನ ಗೋಡೆಯಲ್ಲಿ ಹಸಿರು ಕೆರೆದರೆ ನೀಲಿ, ನೀಲಿ ಕೆರೆದರೆ ಗುಲಾಬಿ, ಅದರ ಕೆಳಗೆ ಮತ್ತೆ ಹಸಿರು. ನಮ್ಮ ಮನೆತನದಲ್ಲಿ ಯಾರೂ ಯಾವುದನ್ನೂ ತೆಗೆದು ಹಾಕಿದವರಲ್ಲ, ಮೇಲೆ ಇನ್ನೊಂದು ಬಳಿದವರು. ಚೆನ್ನೈನ ಬೆವರಿಗೆ ಸುಣ್ಣದ ಪುಡಿ ಬೆರೆತು ಕತ್ತು ಉರಿಯುತ್ತಿತ್ತು. ನಮ್ಮ ಓಣಿಯೊಳಗೆ ಗಾಡಿ ಬರುವುದಿಲ್ಲ. ಸಿಮೆಂಟಿನ ಚೀಲಗಳನ್ನು ಮೂಲೆಯಿಂದ ನಾನೇ ಹೊತ್ತು ತಂದೆ. ಪಕ್ಕದ ಮನೆಯ ಮಾಮಿ ಕಾಂಪೌಂಡ್ ಮೇಲಿಂದ ತಲೆ ಹಾಕಿ, "ಎನ್ನಪ್ಪಾ, ವೀಡು ಕಟ್ಟರಿಯಾ, ಇಡಿಕ್ಕರಿಯಾ?" ಎಂದು ಕೇಳಿದರು. ಮನೆ ಕಟ್ಟುತ್ತಿದ್ದೀಯೋ ಕೆಡವುತ್ತಿದ್ದೀಯೋ ಎಂದು. ನನಗೂ ಅದು ಖಚಿತವಿರಲಿಲ್ಲ.

ಮೊದಲು ಬಚ್ಚಲು, ಆಮೇಲೆ ಅಜ್ಜಿಯ ಕೋಣೆ, ಆಮೇಲೆ ನಡುಮನೆ. ಒಂದು ಕೋಣೆಯ ಸಾಮಾನು ಇನ್ನೊಂದಕ್ಕೆ ಹೋಗುತ್ತಿತ್ತು. ಆ ಕೋಣೆಯ ಸರದಿ ಬಂದಾಗ ಎರಡೂ ಕೋಣೆಗಳ ಸಾಮಾನು ಮೂರನೆಯದಕ್ಕೆ. ಕೆಲವು ವಾರ ಅಪ್ಪ ಬೀರುವಿಗೂ ಹಿಟ್ಟು ರುಬ್ಬುವ ಗ್ರೈಂಡರಿಗೂ ನಡುವೆ ಮಲಗಿದರು. ನಾನು ಆಫೀಸಿನಲ್ಲಿ ಕೂತರೆ ಕೀಬೋರ್ಡಿನ ಮೇಲೆ ತಲೆಯಿಂದ ಪುಡಿ ಉದುರುತ್ತಿತ್ತು. ಮ್ಯಾನೇಜರು ಮರುಕದಿಂದ, ಒಂದು ಶಾಂಪೂವಿನ ವಿಷಯ ಹೇಳಿದರು.

ಕೊನೆಗೆ ಹೊಸಿಲುಗಳು. ಹಳೆಯ ಮನೆ, ಪ್ರತಿ ಬಾಗಿಲಿಗೂ ಅಂಗೈಯಗಲದ, ಕಾಲ್ಬೆರಳಿಗೆ ತಗುಲಿದರೆ ಜೀವ ಹೋಗುವಂಥ ತೇಗದ ಹೊಸಿಲು. ಅಜ್ಜಿ ಹಿಡಿದು ನಡೆಯುವ ವಾಕರಿಗೆ ಮುಂದೆ ಎರಡು ಪುಟ್ಟ ಚಕ್ರ. ಅವಳಿಗೆ ಕಾಲಿನ ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಫೋನಿನಲ್ಲಿ, "ದಾರಿಯಲ್ಲಿ ಏನೂ ಎತ್ತರ ಇರಬಾರದು" ಎಂದಿದ್ದಳು. ತಲೆಬಾಗಿಲಿನದನ್ನು ಬಿಟ್ಟೆ. ಅಲ್ಲಿ ಲಕ್ಷ್ಮಿ ಓಡಾಡುತ್ತಾಳೆ, ಅಷ್ಟು ಬುದ್ಧಿ ನನಗೂ ಇದೆ. ಒಳಗಿನವನ್ನೆಲ್ಲ ಕಿತ್ತೆ. ಒಂದೊಂದೂ ಹಲ್ಲಿನ ಹಾಗೆ ಬೇರುಬಿಟ್ಟಿತ್ತು. ಕಿತ್ತ ಹಳ್ಳಕ್ಕೆ ಗಾರೆ ತುಂಬಿ, ಕೆಂಪು ಬಣ್ಣ ಕಲಸಿದ ಸಿಮೆಂಟು ಬಳಿದು, ಉಳಿದ ನೆಲಕ್ಕೆ ಸಮವಾಗಿ ಉಜ್ಜಿದೆ. ಉಜ್ಜಿದ ಕಡೆ ಗೋಲಿ ಬಿಟ್ಟರೆ ಕೋಣೆಯಿಂದ ಬಚ್ಚಲಿನವರೆಗೆ ನಿಲ್ಲದೆ ಹೋಗುತ್ತಿತ್ತು. ಅಪ್ಪ ಕೂಡ ಟೀ ಲೋಟ ಕೆಳಗಿಟ್ಟು ನೋಡಿದರು.

ಒಂದು ಸೋಮವಾರ ಅಜ್ಜಿ ಬಂದಳು. ಅತ್ತೆಯೂ ಜೊತೆಗಿದ್ದಳು. ಭಾನುವಾರ ಮತ್ತೆ ಬಂದು ನೋಡುತ್ತೇನೆ, ಅಷ್ಟರಲ್ಲಿ ಅಮ್ಮನಿಗೆ ಒಬ್ಬಳೇ ಓಡಾಡಲು ಬರದಿದ್ದರೆ ಕರೆದುಕೊಂಡು ಹೋಗುತ್ತೇನೆ ಎಂದು ಮೊದಲೇ ಹೇಳಿದ್ದಳು. ಅಜ್ಜಿ ನಡುಮನೆ ದಾಟಿ ತನ್ನ ಕೋಣೆಯ ಬಾಗಿಲಿಗೆ ಬಂದಳು. ವಾಕರು ಸರಾಗವಾಗಿ ಒಳಗೆ ಹೋಯಿತು. ಅಜ್ಜಿ ಮಾತ್ರ ಬಾಗಿಲಲ್ಲಿ ಅಭ್ಯಾಸದಂತೆ ಕಾಲನ್ನು ಮೇಲಕ್ಕೆತ್ತಿ, ಇಲ್ಲದ ಹೊಸಿಲನ್ನು ದಾಟಿದಳು. ವಾಕರು ಮುಂದಕ್ಕೆ, ಅವಳು ಪಕ್ಕಕ್ಕೆ. ನಾನು ಹಿಡಿಯದಿದ್ದರೆ ಮತ್ತೆ ಆಸ್ಪತ್ರೆ.

"ಅಜ್ಜಿ, ಹೊಸಿಲು ಇಲ್ಲ. ಕಿತ್ತಿದೀನಿ. ಸುಮ್ನೆ ನಡೀ."

"ನಂಗೆ ಕಾಣ್ತಿದೆಯಲ್ಲೋ. ಕಾಲಿಗೆ ಗೊತ್ತಿಲ್ಲ ನೀನು ಕಿತ್ತಿದ್ದು."

ಬಚ್ಚಲಿನ ಬಾಗಿಲಲ್ಲೂ ಅದೇ ಆಯಿತು. ಮದುವೆಯಾಗಿ ಬಂದಾಗಿನಿಂದ ಆ ಬಾಗಿಲುಗಳಲ್ಲಿ ಎತ್ತಿದ ಕಾಲು. ಅತ್ತೆ ಅಪ್ಪನ ಮುಖ ನೋಡಿದಳು, ಅಪ್ಪ ನನ್ನ ಮುಖ ನೋಡಿದರು, ನನಗೆ ನೋಡಲು ಯಾರೂ ಉಳಿದಿರಲಿಲ್ಲ.

ಆ ವಾರ ಅಪ್ಪ ರಜೆ ಹಾಕಿ ಅಜ್ಜಿಯ ಹಿಂದೆ ಹಿಂದೆ ನಡೆದರು. ಅವರ ಕಷ್ಟ ಬೇರೆ. ಸ್ನಾನ ಮಾಡದವರು ಅಡುಗೆಮನೆಯ ಹೊಸಿಲ ಈಚೆಗೇ ನಿಂತು ಕಾಫಿ ಕೇಳಬೇಕೆಂಬುದು ನಮ್ಮ ಮನೆಯ ಮಡಿ. ಈಗ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಪ್ಪ ಒಂದು ಬೆಳಿಗ್ಗೆ ಸ್ಟವ್‌ವರೆಗೂ ಹೋಗಿಬಿಟ್ಟರು. ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದ ಅಜ್ಜಿ, "ಬಾಪ್ಪಾ, ದೇವರ ಪೀಠದ ಮೇಲೂ ಒಂದು ನಿಮಿಷ ಕೂತ್ಕೊಂಡು ಹೋಗು" ಎಂದಳು.

ನಾನು ಆಫೀಸಿನಿಂದ ಬಂದಮೇಲೆ ಪಾಠ ಮಾಡಿದೆ. ಅವಳ ಮುಂದೆ ಅವಳ ಹಾಗೆಯೇ ನಡೆದು ತೋರಿಸಿದೆ: ಸೊಂಟ ಎಡಕ್ಕೆ, ಗಲ್ಲ ಮುಂದಕ್ಕೆ, ಬಾಗಿಲಲ್ಲಿ ಕಾಲು ನೆಲಕ್ಕೆ ಸವರಿದಂತೆ. ಸೆರಗು ಸರಿಮಾಡಿಕೊಳ್ಳುವುದನ್ನೂ ಬಿಡಲಿಲ್ಲ.

"ನಾನು ಹಾಗೆ ನಡೀತೀನೇನೋ? ಅದು ನಿಮ್ಮತ್ತೆ ನಡೆಯೋದು," ಎಂದಳು. ಮತ್ತೆ ಬಾಗಿಲಿಗೆ ಬಂದು ಕಾಲೆತ್ತಿದಳು.

ಬಾಗಿಲು ಎಲ್ಲಿದೆಯೆಂದು ಕಾಲಿಗೆ ಮೊದಲೇ ತಿಳಿದರೆ ಸರಿಹೋದೀತು ಅನ್ನಿಸಿ, ಪ್ರತಿ ಬಾಗಿಲಿಗೂ ಅಡ್ಡಲಾಗಿ ಅಕ್ಕಿಹಿಟ್ಟಿನ ರಂಗೋಲಿಯ ಎಳೆ ಎಳೆದೆ. ಎಡವಟ್ಟು ಎಂದರೆ ಇದು. ರಂಗೋಲಿ ತುಳಿಯಬಾರದು ಎಂದು ನನಗೆ ಹೊಡೆದು ಕಲಿಸಿದವಳೇ ಅವಳು. ಈಗ ಕಾಲು ಮೊದಲಿಗಿಂತ ಎತ್ತರಕ್ಕೆ ಹೋಯಿತು. ಅಪ್ಪ ಎರಡೂ ಕೈ ಚಾಚಿ ಓಡಿಬಂದರು. ಒದ್ದೆ ಬಟ್ಟೆಯಲ್ಲಿ ಎಳೆಗಳನ್ನೆಲ್ಲ ಒರೆಸುವಾಗ ನನಗೆ ಅಳು ಬರುವಷ್ಟು ದಣಿವಾಗಿತ್ತು. ಅಜ್ಜಿ ಮಂಚದ ಮೇಲೆ ಕೂತು ಬಹಳ ಹೊತ್ತು ತನ್ನ ಪಾದಗಳನ್ನೇ ನೋಡಿದಳು.

"ಭಾನುವಾರ ನಿಮ್ಮತ್ತೆ ಬ್ಯಾಗು ತರ್ತಾಳೆ," ಎಂದಳು. ತಮಾಷೆಯಿರಲಿಲ್ಲ ಆ ದನಿಯಲ್ಲಿ.

ಶನಿವಾರ ಬೆಳಿಗ್ಗೆ ನನ್ನನ್ನು ಕರೆದು, "ಬಚ್ಚಲಿಂದೂ ನನ್ನ ಕೋಣೇದೂ ಹೊಸಿಲು ಹಾಕು," ಎಂದಳು.

"ಎತ್ತರ ಇರಬಾರದು ಅಂದಿದ್ದಾರೆ ಅಜ್ಜಿ."

"ಮೆಟ್ಟಿಲು ಹತ್ತೋದು ಕಲಿಸಿದಾರಲ್ಲ ಅವರೇ. ನಿಲ್ಲು, ಮೊದಲು ವಾಕರು ಆಚೆ ಇಡು, ಅಪ್ಪುರಂ ಒಳ್ಳೇ ಕಾಲು, ಅಪ್ಪುರಂ ಕೆಟ್ಟ ಕಾಲು. ಹೊಸಿಲಿದ್ರೆ ನಿಲ್ತೀನಿ ಕಣೋ. ಇಲ್ಲದ್ದಕ್ಕೆ ಹೇಗೆ ನಿಲ್ಲಲಿ?"

ವ್ಯಾಯಾಮದ ಹುಡುಗಿಗೆ ಫೋನು ಮಾಡಿದೆ. ಅವಳು ಯೋಚಿಸಿ, ತೀರಾ ತೆಳುವಾಗಿರಲಿ, ಕಣ್ಣಿಗೆ ಹೊಡೆಯುವ ಬಣ್ಣವಿರಲಿ, ಮೊದಲ ದಿನ ಪಕ್ಕದಲ್ಲಿ ಒಬ್ಬರು ನಿಂತಿರಿ ಎಂದಳು. ಹಿತ್ತಲಲ್ಲಿ ಪೇರಿಸಿದ್ದ ತೇಗವನ್ನು ಬೆರಳುದಪ್ಪಕ್ಕೆ ಸೀಳಿಸಿಕೊಂಡು ಬಂದೆ. ನಾನೇ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ ನೆಲವನ್ನು ನಾನೇ ಉಳಿಯಿಂದ ಕೊರೆದೆ. ಅಪ್ಪ ಎರಡು ಹಲಗೆಗೂ ಹಳದಿ ಬಣ್ಣ ಬಳಿದರು, ಅರಿಶಿನಕ್ಕೆ ಹತ್ತಿರದ ಹಳದಿ. ಬಣ್ಣ ಒಣಗಿದ ಮೇಲೆ ಅಜ್ಜಿ ನಿಂತಳು, ವಾಕರನ್ನು ಆಚೆಗಿಟ್ಟಳು, ದಾಟಿದಳು. ಸಂಜೆಯವರೆಗೂ ದಾಟುತ್ತಲೇ ಇದ್ದಳು.

ಭಾನುವಾರ ಅತ್ತೆ ಖಾಲಿ ಬ್ಯಾಗಿನೊಂದಿಗೆ ಬಂದು ನಡುಮನೆಯಲ್ಲಿ ಕೂತಳು. ಅಜ್ಜಿ ಕೋಣೆಯಿಂದ ಹೊರಟು ಬಚ್ಚಲಿಗೆ ಹೋಗಿ ಬಂದಳು. ಎಲ್ಲೂ ವಾಲಲಿಲ್ಲ. ನಾವು ಯಾರೂ ಏಳಲಿಲ್ಲ, ಅಪ್ಪ ಮಾತ್ರ ಕೂತಲ್ಲೇ ಎರಡು ಸಲ ಅರ್ಧ ಎದ್ದರು.

"ಇನ್ನೊಂದ್ಸಲ ಹೋಗಮ್ಮ, ನೋಡೋಣ," ಎಂದಳು ಅತ್ತೆ.

"ಅದೇನು ಬಚ್ಚಲೋ ದೇವರ ಕೋವಿಲೋ, ಸುತ್ತು ಬರೋಕೆ?" ಎಂದು ಗೊಣಗುತ್ತಲೇ ಅಜ್ಜಿ ಮತ್ತೊಮ್ಮೆ ಹೋಗಿ ಬಂದಳು.

ಅತ್ತೆ ಹೊಸಿಲ ಪಕ್ಕ ಕೂತು ಹಲಗೆಯನ್ನು ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ. ಬ್ಯಾಗನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ತುರುಕಿಕೊಂಡು, "ದಿನಾ ಸಾಯಂಕಾಲ ಫೋನ್ ಮಾಡ್ತೀನಿ. ಎತ್ತಬೇಕು," ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಅದನ್ನು ಅನುಕರಿಸಲು ನನಗೆ ಮನಸ್ಸಾಗಲಿಲ್ಲ.

ಅವಳ ಆಟೋ ಹೋದಮೇಲೆ ನಾನು ನೆಲದ ಮೇಲೆ ಉದ್ದಕ್ಕೆ ಮಲಗಿದೆ. ಬೆನ್ನಿಗೆ ತಣ್ಣಗೆ ಹಿತವಾಗಿತ್ತು. ಅಜ್ಜಿ ಅಡುಗೆಮನೆಯ ಬಾಗಿಲಿಗೆ ಬಂದು, ಸಮನೆಲವನ್ನು ನೋಡಿ, ಅಲ್ಲೇ ನಿಂತಳು.

"ಇದಕ್ಕೆ ಹೊಸಿಲು ಯಾವಾಗಪ್ಪಾ? ಇವತ್ತೇ ಹಾಕ್ತೀಯಾ, ಇಲ್ಲ ರಾತ್ರಿ ಊಟಕ್ಕೂ ನಿಮ್ಮಪ್ಪನ ಹುಳೀನೇನಾ?"

ಎದ್ದು ಉಳಿ ತೆಗೆದುಕೊಂಡೆ.