ಮೂರನೇ ಜ್ವರದ ಆಟ

ನನ್ನ ಮೊಮ್ಮಗಳು ಚೈತ್ರ ಮಾತಾಡುವಾಗಲೆಲ್ಲ ಅವಳ ಹಿಂದೆ ಮಳೆ ಸುರಿಯುತ್ತಿರುತ್ತದೆ ಎಂದು ಊರೂರಿನ ಜನ ನಂಬಿಕೊಂಡಿದ್ದಾರೆ. "ನಿಮ್ಮ ಕಡೆ ಒಳ್ಳೆ ಮಳೆ ಅಂತ ಕಾಣುತ್ತೆ" ಎಂದು ಯಾರ್‍ಯಾರೋ ಅವಳ ವಿಡಿಯೋ ಕೆಳಗೆ ಬರೆಯುತ್ತಾರೆ. ಮಳೆಯೂ ಇಲ್ಲ, ಮೋಡವೂ ಇಲ್ಲ. ಅದು ನಮ್ಮ ರೇಷ್ಮೆ ಹುಳಗಳು ಸೊಪ್ಪು ತಿನ್ನುವ ಸದ್ದು. ಕೋಡಿಹಳ್ಳಿ ಕಡೆಯ ನಮ್ಮೂರಿನಲ್ಲಿ ಮನೆಗೊಂದು ಟೀವಿ, ಬೀದಿಗೊಂದು ಮೈಕು, ಕೊಟ್ಟಿಗೆಗೊಂದು ಅರಚುವ ಕರು ಇರುವಾಗ, ಒಬ್ಬ ಹುಡುಗಿ ನೆಮ್ಮದಿಯಾಗಿ ಕೂತು ನಾಲ್ಕು ಮಾತಾಡಬೇಕೆಂದರೆ ಉಳಿದಿರುವುದು ಹುಳದ ಮನೆಯೊಂದೇ. ಅಲ್ಲಿ ಸೊಪ್ಪಿನ ಮಂಕರಿಯನ್ನು ಬೋರಲು ಹಾಕಿ ಕೂತು, ಗೋಡೆಗೆ ಒರಗಿಸಿದ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಫೋನು ಕಟ್ಟಿ, ಅವಳು ಲೋಕಕ್ಕೆ ತೀರ್ಪು ಹೇಳುತ್ತಾಳೆ.

ತೀರ್ಪು ಎಂದೊಡನೆ ಜಮೀನಿನ ವ್ಯಾಜ್ಯ ಅಂದುಕೊಳ್ಳಬೇಡಿ. ವಿಡಿಯೋ ಗೇಮ್ ಅನ್ನುತ್ತಾರಲ್ಲ, ಪರದೆಯ ಮೇಲೆ ಬೆರಳಲ್ಲಿ ಆಡುವ ಆಟ, ಅಂಥವು ಹೊಸದಾಗಿ ಬಿಡುಗಡೆಯಾದಾಗ ತಾನು ಮೊದಲು ಆಡಿ ನೋಡಿ, ಯಾವುದು ಆಡುವಂಥದ್ದು, ಯಾವುದು ಬಿಡುವಂಥದ್ದು ಎಂದು ಕನ್ನಡದಲ್ಲಿ ಹೇಳುವುದು ಅವಳ ಕಸುಬು. ಕನಕಪುರದ ಕಾಲೇಜಿಗೆ ಹೋಗುತ್ತ ಹೋಗುತ್ತಲೇ ಇದನ್ನು ಹಚ್ಚಿಕೊಂಡಳು. ನಮ್ಮ ಯಜಮಾನರಿಗೆ ಇದು ಬಹಳ ದಿನ ತಲೆಗೆ ಹೋಗಲಿಲ್ಲ. "ಆಟ ಆಡೋರು ಒಬ್ರು, ನೋಡೋರು ಒಬ್ರು. ಮಧ್ಯ ಇವಳ್ಯಾರು? ಅಂಪೈರಾ?" ಎಂದರು. ನಾನು ಮಾತ್ರ ಮೊದಲ ದಿನವೇ ಒಪ್ಪಿಬಿಟ್ಟೆ. ಅರ್ಥವಾಗಿ ಒಪ್ಪಿದ್ದಲ್ಲ, ಅರ್ಥವಾಗುವವರೆಗೆ ಕಾಯಲು ನನ್ನ ಸಂತೋಷಕ್ಕೆ ಪುರುಸೊತ್ತಿರಲಿಲ್ಲ. ಬಸ್ಸಿನ ಕಂಡಕ್ಟರಿಗೆ, ಸಂತೆಯಲ್ಲಿ ಸೊಪ್ಪು ಮಾರುವವಳಿಗೆ, ಆಸ್ಪತ್ರೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ, ಎಲ್ಲರಿಗೂ ಹೇಳಿದ್ದೇನೆ. ಈಗ ನಿಮಗೆ ಹೇಳುತ್ತಿದ್ದೇನೆ.

ಅವಳ ತೀರ್ಪಿನ ರೀತಿ ಕೇಳಿ. ಮೊನ್ನೆ ಹೊರದೇಶದ ಒಂದು ಕಾರಿನ ಆಟ ಬಂತು. ಕಾರಿನ ಮೈಮೇಲೆ ಬಿದ್ದ ಹನಿಯೊಳಗೆ ಆಕಾಶ ಕಾಣುತ್ತಿತ್ತು. ನಾನು ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದು ನಿಂತುಬಿಟ್ಟೆ. ಚೈತ್ರ ಹೇಳಿದ್ದು ಇಷ್ಟೇ: "ಕಾರು ಚೆಂದ, ರಸ್ತೆ ಅದಕ್ಕಿಂತ ಚೆಂದ. ಹೋಗೋಕೆ ಊರೇ ಇಲ್ಲ." ಆಮೇಲೆ ಕತ್ತಿ ಹಿಡಿದ ರಾಣಿಯ ಆಟವೊಂದು. "ಈ ಯಮ್ಮ ಒಂದು ದಂಡನ್ನೇ ಕಡಿದು ಬತ್ತಾಳೆ, ಬಂದು ಒಂದು ಮರದ ಬಾಗಿಲ ಮುಂದೆ ಬೀಗದ ಕೈ ಹುಡುಕ್ತಾ ನಿಂತ್ಕೋತಾಳೆ. ಹಂಗಾದ್ರೆ ಆ ಕತ್ತಿ ಏನು ಈರುಳ್ಳಿ ಹೆಚ್ಚೋಕಾ?" ಎಂದು ಕೇಳಿದಳು. ಬೇಸಾಯದ ಆಟವೊಂದು ಬಂದಾಗ ಮಾತ್ರ ನನಗೂ ಅವಳಿಗೂ ಜಗಳವಾಯಿತು. ಅದರಲ್ಲಿ ಬೆರಳಿಟ್ಟರೆ ಬೀಜ, ಇನ್ನೊಮ್ಮೆ ಬೆರಳಿಟ್ಟರೆ ಕುಂಬಳಕಾಯಿ. ಇದು ಶುದ್ಧ ಮೋಸ, ಇದನ್ನು ಬಯ್ಯಬೇಕು ಎಂದು ನಾನು ಹಟ ಹಿಡಿದೆ. ಅವಳು ನಕ್ಕು, "ಅಜ್ಜಿ, ಜನ ದಣಿವಾರಿಸ್ಕೊಳೋಕೆ ಆಡ್ತಾರೆ. ನಿನ್ನಂಗೆ ಸೊಂಟ ಮುರ್ಕೊಳೋಕಲ್ಲ" ಎಂದು ಅದನ್ನು ಹೊಗಳಿಯೇ ಬಿಟ್ಟಳು. ಯೋಚಿಸಿದೆ. ನಿಜವಾದ ಹೊಲ ಇರುವವಳಿಗೆ ಸುಳ್ಳು ಹೊಲದ ಹಸಿವು ಹೇಗೆ ಗೊತ್ತಾಗಬೇಕು? ಹೊಟ್ಟೆ ತುಂಬಿದವರು ಊಟಕ್ಕೆ ತೀರ್ಪು ಹೇಳಬಾರದು ಎಂದು ಅಂದೇ ಕಲಿತೆ.

ಬೇರೆಯವರು ಇಂಥ ಆಟಗಳಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರಂತೆ. ನಮ್ಮವಳು ಅಂಕದ ಬದಲು ಜ್ವರ ಹೇಳುತ್ತಾಳೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೈಚರ್ಮ ಬಿಡುತ್ತದೆ. ಹಾಗೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು, ಮಿಸುಕದೆ ಕೂತುಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ, ಚರ್ಮ ಬಿಟ್ಟು ಮತ್ತೆ ತಿನ್ನತೊಡಗಿದರೆ ಜ್ವರ ಎದ್ದಿತು ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕೂ ಎದ್ದು, ಹೊಟ್ಟೆ ಬಿರಿಯುವಂತೆ ತಿಂದು, ಮೈ ಬಂಗಾರದ ಬಣ್ಣಕ್ಕೆ ತಿರುಗಿದರೆ ಹುಳ ಹಣ್ಣಾಯಿತು ಅನ್ನುತ್ತೇವೆ. ಆಗ ಅದನ್ನೆತ್ತಿ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ನಾನು ಓದಿದ್ದೂ ನಾಲ್ಕನೇ ಕ್ಲಾಸೇ. ಹುಳವಾಗಿದ್ದರೆ ಗೂಡು ಕಟ್ಟುವ ಹೊತ್ತು, ಹೆಣ್ಣಾದ್ದರಿಂದ ಬೇರೆಯವರ ಗೂಡಿಗೆ ಬಂದೆ.

ಚೈತ್ರ ಒಂದು ದಿನ ಮಾತಿನ ಭರದಲ್ಲಿ, ಅರ್ಧಂಬರ್ಧ ಮಾಡಿ ಬಿಡುಗಡೆ ಮಾಡಿದ ಒಂದು ಆಟವನ್ನು, "ಇನ್ನೂ ಎರಡನೇ ಜ್ವರ ಎದ್ದಿಲ್ಲ" ಎಂದುಬಿಟ್ಟಳು. ನೋಡಿದವರಲ್ಲಿ ಅರ್ಧ ಜನ ಅವಳಿಗೇ ಜ್ವರ ಅಂದುಕೊಂಡರು. ಬೇಗ ಹುಷಾರಾಗಿ ಎಂದರು. ರೆಸ್ಟ್ ತಗೊಳ್ಳಿ ಎಂದರು. ಒಬ್ಬರಂತೂ ಅಮೃತಬಳ್ಳಿ ಕಷಾಯ ಮಾಡುವ ಬಗೆಯನ್ನು ಉದ್ದಕ್ಕೂ ಬರೆದು, ಎರಡು ಸಲ ಬಂದಿರುವುದರಿಂದ ರಕ್ತ ಪರೀಕ್ಷೆ ಮಾಡಿಸುವುದು ವಾಸಿ ಎಂದು ಕೊನೆಗೆ ಸೇರಿಸಿದ್ದರು. ಅವಳು ಓದಿ ಹೇಳುತ್ತಿದ್ದರೆ ನಾನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡೆ. ಆದರೆ ಆ ಮಾತು ಹಾಗೇ ಅಂಟಿಕೊಂಡಿತು. ಈಗ ಹುಳವನ್ನೇ ಕಾಣದ ಊರಿನ ಹುಡುಗರೂ ಹೊಸ ಆಟ ಬಂದರೆ, "ಅಕ್ಕ, ಎಷ್ಟನೇ ಜ್ವರ?" ಎಂದು ಕೇಳುತ್ತಾರೆ. ಅವಳು "ಹಣ್ಣು" ಎಂದ ದಿನ ಅವರಿಗೆ ಹಬ್ಬ.

ಇಷ್ಟು ಹೊತ್ತು ನಾನು ಹಿಗ್ಗಿದ್ದನ್ನು ಕೇಳಿದಿರಿ. ಆದರೆ ತೀರ್ಪು ಎನ್ನುವುದು ದೂರದೇಶದ ಕಾರಿಗೆ ಹೇಳುವಷ್ಟು ಸುಲಭವಾಗಿ ಹತ್ತಿರದವರಿಗೆ ಹೇಳಲು ಬರುವುದಿಲ್ಲ.

ಚೈತ್ರಳಿಗೆ ಶಬಾನಾ ಎಂಬ ಗೆಳತಿ. ಚನ್ನಪಟ್ಟಣದವಳು, ಅಪ್ಪ ಬೊಂಬೆ ಮಾಡುವವರು. ಓದುವಾಗ ಕನಕಪುರದ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ, ಒಂದೇ ಉಪ್ಪಿನಕಾಯಿ ಡಬ್ಬಿ. ರಜಕ್ಕೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಅವಳ ಕೈಗೂ ಸೊಪ್ಪಿನ ಮಂಕರಿ. ಈ ಶಬಾನಾ ತಾನೇ ಒಂದು ಆಟ ಕಟ್ಟಿದಳು. ಅಪ್ಪ ಮಾಡುವ ಬಣ್ಣದ ಬೊಂಬೆಗಳೇ ಅದರಲ್ಲಿ ಪಾತ್ರಗಳು. ರಾಜ-ರಾಣಿ ಜೋಡಿಯಲ್ಲಿ ರಾಜ ಕಳೆದುಹೋಗಿರುತ್ತಾನೆ. ರಾಣಿ ಬೊಂಬೆ ಉರುಳುತ್ತ ಉರುಳುತ್ತ ಬೀದಿ ಬೀದಿ ಅವನನ್ನು ಹುಡುಕುತ್ತದೆ. ಅರಗಿನ ಹೊಳಪು ಹಾಗೇ ಬಂದಿದೆ, ಮರದ ಬೊಂಬೆ ಉರುಳುವ ಸದ್ದು ಹಾಗೇ ಬಂದಿದೆ. ಬಿಡುಗಡೆಯೂ ಆಯಿತು. ಆದರೆ ಇಳಿಸಿಕೊಂಡು ಆಡುವವರು ಕಾಣಲಿಲ್ಲ. "ಎಲ್ಲಾರೂ ನೀನೇನ್ ಅಂತೀಯ ಅಂತ ಕಾಯ್ತಾವ್ರೆ ಕಣೇ" ಎಂದು ಶಬಾನಾ ಫೋನಿನಲ್ಲಿ ಹೇಳಿದಳು. ಒಂದು ಮಾತು "ಹಣ್ಣು" ಎಂದರೆ ಸಾಕಿತ್ತು.

ಚೈತ್ರ ಆಡಿದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ನನಗೆ ಅದಕ್ಕಿಂತ ಸೊಗಸಾದ ಆಟ ಈ ಭೂಮಿಯ ಮೇಲೆ ಇಲ್ಲವೆನಿಸಿತು. ಆದರೆ ದಾರಿಯಲ್ಲೊಂದು ಬಾವಿ ಬರುತ್ತದೆ. ರಾಣಿ ಬೊಂಬೆ ಅದರಲ್ಲಿ ಬೀಳುತ್ತದೆ. ಹಗ್ಗ ಹಿಡಿದು ಮೇಲೆ ಬರಬೇಕು. ಹಗ್ಗ ಒಮ್ಮೆ ಕೈಗೆ ಸಿಕ್ಕಿದರೆ ಹಲವು ಸಲ ಸಿಗುವುದಿಲ್ಲ, ಯಾಕೆ ಸಿಗಲಿಲ್ಲ ಎಂದು ಆಡುವವರಿಗೆ ತಿಳಿಯುವುದೂ ಇಲ್ಲ. ಚೈತ್ರ ಬಿದ್ದಳು, ಎದ್ದಳು, ಬಿದ್ದಳು. ಮುಖ ಸಣ್ಣದಾಯಿತು.

"ಹಣ್ಣು ಅಂದ್ಬುಡು ಮಗ, ನಮ್ಮುಡುಗಿ" ಎಂದೆ.

"ಬಾವಿ ಹತ್ರ ಎಲ್ಲಾರೂ ಬುಟ್ಟು ಓಡ್ತಾರಜ್ಜಿ. ನಾನು ಹಣ್ಣು ಅಂದ್ರೆ ಬತ್ತಾರೆ, ಬಂದು ಬಯ್ಕೊಂಡು ಹೋಯ್ತಾರೆ. ಮತ್ತೆ ಅವಳ ಕಡೆ ತಿರುಗೂ ನೋಡಲ್ಲ."

"ಒಸಿ ಸುಳ್ಳು ಹೇಳಿದ್ರೆ ಏನಾಯ್ತದೆ?"

"ಹಣ್ಣಾಗದ ಹುಳ ಎತ್ತಿ ಚಂದ್ರಿಕೆಗೆ ಬುಡ್ತೀಯಾ ನೀನು?"

ಅವಳು ಮಂಕರಿಯ ಮೇಲೆ ಕೂತು, ಬೊಂಬೆಯ ಬಣ್ಣವನ್ನು, ಸದ್ದನ್ನು, ಕತೆಯನ್ನು ಬಾಯ್ತುಂಬ ಹೊಗಳಿ, ಬಾವಿಯ ಮಾತನ್ನು ಇದ್ದದ್ದು ಇದ್ದಂತೆ ಹೇಳಿ, ಕೊನೆಗೆ "ಮೂರನೇ ಜ್ವರ" ಎಂದಳು. ಧ್ವನಿ ಎಂದಿನಂತಿರಲಿಲ್ಲ.

ಶಬಾನಾಳ ಫೋನು ಅಂದೇ ನಿಂತಿತು. ಇವಳು ಮಾಡಿದರೆ ಅವಳು ಎತ್ತಲಿಲ್ಲ. ಕನಕಪುರದಲ್ಲಿ ಎದುರು ಸಿಕ್ಕರೂ ಬಸ್ಸಿನ ಬೋರ್ಡು ಓದುವವಳಂತೆ ನಿಂತಳಂತೆ. ಚೈತ್ರ ಹೊಸ ಆಟಗಳನ್ನು ಮುಟ್ಟಲಿಲ್ಲ. ಚಂದ್ರಿಕೆಯ ಮೇಲೆ ಫೋನು ಕಟ್ಟುತ್ತಿದ್ದ ದಾರ ಸುಮ್ಮನೆ ಜೋತಾಡುತ್ತಿತ್ತು. ಅದೇ ಹೊತ್ತಿಗೆ ನಮ್ಮ ಹುಳಗಳು ನಾಲ್ಕನೇ ಜ್ವರಕ್ಕೆ ಕೂತವು. ತಿನ್ನುವ ಸದ್ದು ನಿಂತು, ಹುಳದ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಕೇಳುವಂತಾಯಿತು.

ಆ ಮೌನದಲ್ಲಿ, ಜ್ವರಕ್ಕೆ ಕೂತ ಹುಳದ ತಟ್ಟೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತ ಯೋಚಿಸಿದೆ. ಜ್ವರ ಎಂದರೆ ಊರವರಿಗೆಲ್ಲ ಕಾಯಿಲೆ. ನಮಗೆ ಮಾತ್ರ ಬೆಳವಣಿಗೆ. ಒಂದೇ ಮಾತು, ಆಸ್ಪತ್ರೆಯಲ್ಲಿ ಹೇಳಿದರೆ ಹೆದರಿಕೆ, ಹುಳದ ಮನೆಯಲ್ಲಿ ಹೇಳಿದರೆ ಭರವಸೆ. ಹೊಸದಾಗಿ ಹುಳ ಸಾಕುವವರು ಜ್ವರಕ್ಕೆ ಕೂತದ್ದನ್ನು ಕಂಡು ಸತ್ತೇಹೋಯಿತು ಎಂದು ಗಾಬರಿಯಾಗುತ್ತಾರೆ, ಮುಟ್ಟುತ್ತಾರೆ, ಎಳೆ ಸೊಪ್ಪು ತಂದು ಮೇಲೆ ಹಾಕುತ್ತಾರೆ. ಪ್ರೀತಿಯೇ, ಆದರೆ ಹೊತ್ತಲ್ಲದ ಹೊತ್ತಿನ ಪ್ರೀತಿ. ನಾನು "ಹಣ್ಣು ಅಂದ್ಬುಡು" ಎಂದದ್ದೂ ಅಂಥದೇ ಸೊಪ್ಪಿರಬೇಕು. ಹಾಗೆಂದು ಸುಮ್ಮನೆ ಕಾದರೆ ಎಲ್ಲ ಸರಿಹೋಗುತ್ತದೆ ಎಂದು ನಿಮಗೆ ಹೇಳಲಾರೆ. ಜ್ವರಕ್ಕೆ ಕೂತ ಹುಳವೆಲ್ಲ ಏಳುವುದಿಲ್ಲ. ಸ್ನೇಹವೂ ಅಷ್ಟೆ. ನಿಜ ಹೇಳಿದವಳೂ ಒಣಗುತ್ತಿದ್ದಳು, ನಿಜ ಕೇಳಿದವಳೂ ಅಲ್ಲೆಲ್ಲೋ ಒಣಗುತ್ತಿದ್ದಳು. ಇದರಲ್ಲಿ ಗೆದ್ದವರು ಯಾರು ಎಂದು ನೋಡಿದರೆ ಬಾವಿ.

ಹುಳಗಳು ಎದ್ದು ಸೊಪ್ಪಿಗೆ ಬಾಯಿ ಹಾಕಿದ ದಿನವಿರಬೇಕು, ಬೆಳಗಿನ ಬಿಸಿಲು ಬಾಗಿಲಿಗೆ ಬಂದಿತ್ತು. ಹೊರಗೆ ಯಾರೋ ಕಾಲು ತೊಳೆದ ಸದ್ದಾಯಿತು. ನೋಡಿದರೆ ಶಬಾನಾ. ಎರಡು ಬಸ್ಸು ಬದಲಿಸಿ ಬಂದವಳ ಮುಖ ಬೆವೆತಿತ್ತು. ಚೈತ್ರ ಎದ್ದು ನಿಂತಳು. ಶಬಾನಾ ಅವಳ ಕಡೆ ನೋಡದೆ ಸೀದಾ ನನ್ನ ಹತ್ತಿರ ಬಂದು ಫೋನು ಚಾಚಿದಳು.

"ಅಜ್ಜಿ, ನೀವು ಆಡಿ. ನಾನು ನೋಡ್ಬೇಕು."

"ನಾನಾ? ನಂಗೆ ಫೋನ್ ಎತ್ತಕ್ಕೇ ಬರಾಕಿಲ್ಲ ಕಣವ್ವ."

"ಅದಕ್ಕೇ ನೀವು. ಕೆಲವರದ್ದು ಕೈಗಿಂತ ಬಾಯಿ ಮುಂದೆ."

ನಾನು ಸೊಪ್ಪಿನ ಕೈ ಒರೆಸಿಕೊಂಡು ಕೂತೆ. ಶಬಾನಾ ನನ್ನ ಬಲಕ್ಕೆ, ಚೈತ್ರ ಒಸಿ ದೂರ ಎಡಕ್ಕೆ. ರಾಣಿ ಬೊಂಬೆ ಉರುಳಿತು. ನನ್ನ ಸಂತೋಷ ಕೇಳಬೇಡಿ, ಬೊಂಬೆ ನನ್ನ ಬೆರಳಿನ ಮಾತು ಕೇಳುತ್ತಿತ್ತು! ಬೀದಿ ದಾಟಿದೆ, ಕುದುರೆ ಬೊಂಬೆಯ ಕಾಲಡಿ ನುಸುಳಿದೆ, ಬಾವಿಗೆ ಬಿದ್ದೆ. ಹಗ್ಗ ಹಿಡಿಯಹೋದೆ, ಸಿಗಲಿಲ್ಲ. ಮತ್ತೆ ಹಿಡಿಯಹೋದೆ. ನನ್ನ ಹೆಬ್ಬೆರಳು ಸೊಪ್ಪು ಕುಯ್ದು ಕುಯ್ದು ದಪ್ಪಗಾದದ್ದು. ಅದನ್ನಿಟ್ಟರೆ ಹಗ್ಗವೇ ಕಾಣದಂತೆ ಮುಚ್ಚಿಹೋಗುತ್ತಿತ್ತು. ಶಬಾನಾ ಪರದೆ ನೋಡುತ್ತಿರಲಿಲ್ಲ, ನನ್ನ ಬೆರಳನ್ನೇ ನೋಡುತ್ತಿದ್ದಳು. ತುಂಬ ಹೊತ್ತಾದ ಮೇಲೆ, ಯಾರಿಗೆ ಎಂದು ಹೇಳದೆ, ಅಂದಳು:

"ನನ್ ಬೆರಳು ಸಣ್ಣ. ನಂಗೆ ಗೊತ್ತೇ ಆಗ್ಲಿಲ್ಲ."

"ಎರಡು ಬೆರಳು ಒಟ್ಟಿಗೆ ಒತ್ತಜ್ಜಿ, ಸಿಕ್ತದೆ" ಎಂದಳು ಚೈತ್ರ, ಅಷ್ಟು ಮೆಲ್ಲಗೆ.

"ಅದು ನಿಂಗೆ ಗೊತ್ತು. ಆಡೋರಿಗೆ ಹೆಂಗ್ ಗೊತ್ತಾಗ್ಬೇಕು?" ಎಂದು ಶಬಾನಾ ತಿರುಗಿದಳು. ತಿರುಗಿದ ಮೇಲೆ ನೆನಪಾಯಿತೇನೋ, ತಾನು ಅವಳೊಡನೆ ಮಾತು ಬಿಟ್ಟಿದ್ದೇನೆಂದು. ಆದರೆ ಮಾತು ಆಗಲೇ ಹೊರಟುಬಿಟ್ಟಿತ್ತು.

"ಅದನ್ನೇ ಅಲ್ವೇನೇ ನಾನೂ ಹೇಳಿದ್ದು!"

"ಊರ್ಗೆಲ್ಲ ಕೇಳಂಗೆ ಹೇಳ್ದೆ. ನಂಗೊಬ್ಬಳಿಗೆ ಮೊದ್ಲು ಹೇಳಕ್ಕೆ ಏನಾಗಿತ್ತು ರೋಗ?"

ಚೈತ್ರ ತಡವರಿಸಿದಳು. "ಅದು ತಪ್ಪಾಯ್ತು ಕಣೇ" ಎಂದಳು. ಆಮೇಲೆ, "ಆದ್ರೆ ಮೂರನೇ ಜ್ವರವೇ" ಎಂದಳು.

"ಮೂರನೇ ಜ್ವರವೇ. ಇಲ್ಲ ಅಂದ್ನಾ? ಈಗ ಹೇಳು, ಹಗ್ಗ ಎಡಕ್ಕೆ ತಂದ್ರೆ?"

"ಎಡಕ್ಕಲ್ಲ, ದಪ್ಪ ಮಾಡು. ಬಾವೀನೇ ಒಸಿ ಅಗಲ ಮಾಡು."

"ಅಗಲ ಮಾಡಿದ್ರೆ ಬಾವಿ ಅಲ್ಲ, ಕೆರೆ ಆಯ್ತದೆ ಕಣೇ ಗೂಬೆ."

ಇಬ್ಬರೂ ನನ್ನ ಬೆನ್ನ ಹಿಂದಿನಿಂದಲೇ ತಲೆಗೆ ತಲೆ ತಾಗಿಸಿ, ಸುಣ್ಣ ಬಿದ್ದ ನೆಲದ ಮೇಲೆ ಬೆರಳಲ್ಲಿ ಬಾವಿ ಬರೆಯತೊಡಗಿದರು. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಅಳಿಸಿದಳು. ಫೋನು ನನ್ನ ಕೈಯಲ್ಲಿದೆ, ರಾಣಿ ಬಾವಿಯ ತಳದಲ್ಲಿದ್ದಾಳೆ ಎಂಬುದು ಇಬ್ಬರಿಗೂ ಮರೆತೇಹೋಯಿತು. ಎರಡು ಬೆರಳು ಒಟ್ಟಿಗೆ ಒತ್ತಿದ್ದರೆ ಅವಳು ಮೇಲೆ ಬರುತ್ತಿದ್ದಳು, ಆಟ ಮುಂದಕ್ಕೆ ಹೋಗುತ್ತಿತ್ತು, ಇವರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗುತ್ತಿದ್ದರು. ಫೋನನ್ನು ಮಡಿಲಲ್ಲಿಟ್ಟು, ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ.